ಅರಿಶಿನದ ನೀರು ಎಲ್ಲಿಗೆ ಹೋಗುತ್ತೆ, ನೋಡಿ

ಬೆಂಗಳೂರಿನಲ್ಲಿ ಮನೆಯ ನೀರು ಹೊರಗೆ ಹೋಗೋಕೆ ಎರಡು ದಾರಿ. ಕಕ್ಕಸು, ಬಚ್ಚಲು, ಅಡುಗೆಮನೆ ನೀರು ಒಳಚರಂಡಿಗೆ. ಅದನ್ನು ಶುದ್ಧ ಮಾಡೋ ಘಟಕ ಉಂಟು. ರಸ್ತೆ ಬದಿಯ ಮೋರಿ ಮಾತ್ರ ಮಳೆನೀರಿಗೆ ಅಂತ ಮಾಡಿದ್ದು. ಅದು ರಾಜಕಾಲುವೆ ಸೇರಿ ಕೆರೆಗೇ ಹೋಗುತ್ತೆ, ನಡುವೆ ಸೋಸೋರು ಯಾರೂ ಇಲ್ಲ. ನಾನು ಇದನ್ನು ತಿಳಿದದ್ದೇ ಅರವತ್ತು ದಾಟಿದ ಮೇಲೆ.

ನಮ್ಮನೆ ವಾಷಿಂಗ್ ಮೆಷಿನ್ ಬಾಲ್ಕನಿಯಲ್ಲಿತ್ತು. ಪ್ಲಂಬರ್ ಹುಡುಗ ಸುಲಭ ಅಂತ ಅದರ ಪೈಪನ್ನು ಪಕ್ಕದಲ್ಲೇ ಇದ್ದ ಮಳೆನೀರಿನ ಪೈಪಿಗೆ ತೂರಿಸಿ ಹೋಗಿದ್ದ. ಎಂಟು ವರ್ಷ ನಮ್ಮ ಸೋಪಿನ ನೀರೆಲ್ಲ ಮೋರಿಗೆ! 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ಅದಕ್ಕೇ ಬೆಂಕಿ ಹತ್ತಿದಾಗ ಟಿವಿ ಮುಂದೆ ಕೂತು ಊರನ್ನೆಲ್ಲ ಬೈದಿದ್ದೆ. ನಮ್ಮದೂ ಒಂದು ಪಾಲು ಅಂತ ಆಗ ಹೊಳೆಯಲಿಲ್ಲ.

ನಿಮ್ಮನೆಯದನ್ನು ಪರೀಕ್ಷೆ ಮಾಡೋದು ಸುಲಭ. ಒಂದು ಬಕೆಟ್ ಸೋಪಿನ ನೀರಿಗೆ ಎರಡು ಚಮಚ ಅರಿಶಿನ ಕದಡಿ. ಓಕುಳಿಯ ಹಾಗೆ ಕೆಂಪಗಾಗುತ್ತೆ. ಮೆಷಿನ್ನಿನ ನೀರು ಹೋಗೋ ಪೈಪಿಗೆ ಸುರಿದು, ಒಬ್ಬರನ್ನು ಗೇಟಿನ ಹೊರಗೆ ನಿಲ್ಲಿಸಿ. ಮೋರಿಯಲ್ಲಿ ಕೆಂಪು ಕಂಡರೆ ಪ್ಲಂಬರನ್ನು ಕರೆಸಿ. ಪಾತ್ರೆ ತೊಳೆಯೋ ಹಿತ್ತಲ ಕಟ್ಟೆಯದನ್ನೂ ಹೀಗೇ ನೋಡಿ.

ತಿರುಗಾಮುರುಗಾ ತಪ್ಪೂ ಇದೆ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡ್ತಾರೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ ಆ ಹೊಲಸೆಲ್ಲ ಮತ್ತೆ ಮೋರಿಗೇ. ತಾರಸಿ ನೀರನ್ನು ಸೋಸಿ ಸಂಪಿಗೋ ಇಂಗುಬಾವಿಗೋ ಬಿಟ್ಟರೆ ಬೇಸಿಗೆಯಲ್ಲಿ ಟ್ಯಾಂಕರಿನವನ ಮುಂದೆ ಕೈ ಕಟ್ಟಿ ನಿಲ್ಲೋದು ಸ್ವಲ್ಪವಾದರೂ ತಪ್ಪುತ್ತೆ.

ಸೋಪಿನ ಪುಡಿ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಹಾಕಿ, ದಿನಾ ಉಡೋ ಬಟ್ಟೆಗೆ ಅರ್ಧ ಸಾಕು. ನೊರೆ ಬಂದಷ್ಟೂ ಕೊಳೆ ಹೋಗುತ್ತೆ ಅನ್ನೋದು ಭ್ರಮೆ. ರೇಷ್ಮೆಗೆ, ಉಲ್ಲನ್ನಿಗೆ ನಾನು ಈಗಲೂ ಅಂಟುವಾಳವನ್ನೇ ನೆನೆಹಾಕೋದು. ಸೊಸೆ ನಗ್ತಾಳೆ, ಆದರೆ ತನ್ನ ಮೈಸೂರು ರೇಷ್ಮೆ ಸೀರೆ ತಂದು ನನ್ನ ಕೈಗೇ ಕೊಡ್ತಾಳೆ.

ಕರಿದ ಎಣ್ಣೆ ಸಿಂಕಿಗೆ ಬೇಡವೇ ಬೇಡ. ಪೈಪಿನೊಳಗೆ ಜಿಡ್ಡು ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ, ಆಮೇಲೆ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತೆ. ಬಾಣಲೆಯನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೀರಿ. ಮಿಕ್ಕ ಎಣ್ಣೆ ಒಂದು ಡಬ್ಬದಲ್ಲಿರಲಿ. ಕೀರಲು ಹಾಕೋ ಗೇಟಿನ ತಿರುಗಣಿಗೆ ನಾಲ್ಕು ಹನಿ ಬಿಟ್ಟರೆ ಸುಮ್ಮನಾಗುತ್ತೆ. ಅವಧಿ ಮುಗಿದ ಮಾತ್ರೆಗಳನ್ನೂ ಕಮೋಡಿಗೆ ಹಾಕಬೇಡಿ.

ಕಾರನ್ನು ರಸ್ತೆಯಲ್ಲಿ ಪೈಪ್ ಹಿಡಿದು ತೊಳೆಯೋರಿಗೆ ಹೇಳಿ ಹೇಳಿ ಸಾಕಾಗಿದೆ. 2024ರ ಮಾರ್ಚಿನಲ್ಲಿ, ನೀರಿನ ಬರದ ದಿನಗಳಲ್ಲಿ, ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಾಗ ನಮ್ಮ ಬೀದಿ ಸ್ವಲ್ಪ ದಿನ ತಣ್ಣಗಿತ್ತು. ಒದ್ದೆ ಬಟ್ಟೆ, ಅರ್ಧ ಬಕೆಟ್ ನೀರು ಸಾಲದೇ?

ಗೌರಿ ಗಣೇಶನಿಗೆ ಬಣ್ಣ ಬಳಿಯದ ಜೇಡಿಮಣ್ಣಿನ ಮೂರ್ತಿಯೇ ಚಂದ. ನಮ್ಮನೆಯಲ್ಲಿ ದೊಡ್ಡ ಬಕೆಟ್ಟಿನಲ್ಲೇ ವಿಸರ್ಜನೆ. ಮಾರನೇ ದಿನಕ್ಕೆ ಕರಗಿರುತ್ತೆ, ಆ ಮಣ್ಣು ದಾಸವಾಳದ ಕುಂಡಕ್ಕೆ. ಮೊಮ್ಮಗ ಮಾತ್ರ ಪ್ರತಿ ವರ್ಷ ಸೊಂಡಿಲು ಕರಗೋವರೆಗೂ ಬಕೆಟ್ಟಿನ ಪಕ್ಕ ಬಿಟ್ಟು ಏಳೋಲ್ಲ.