ಹಳೇ ಕಂಪ್ಯೂಟರ್‌ಗೆ ಹೊಸ ಓಎಸ್: ಹಾಕುವ ಮುಂಚೆ ಒಂದು ವಾರ ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

ಮಂಡ್ಯದ ಕೋರ್ಟ್ ಹತ್ತಿರ ನನಗೆ ಗೊತ್ತಿರುವ ಒಂದು ಜೆರಾಕ್ಸ್ ಅಂಗಡಿ ಇದೆ. ಅಫಿಡವಿಟ್, ಬಾಡಿಗೆ ಕರಾರು, ಮದುವೆ ಕಾರ್ಡಿನ ಪ್ರೂಫ್ ಎಲ್ಲ ಅಲ್ಲೇ ಟೈಪ್ ಆಗುತ್ತೆ. ಒಂದು ಭಾನುವಾರ ಅಂಗಡಿಯವನ ತಂಗಿ ಮಗ ಬಂದು, "ವಿಂಡೋಸ್ 10 ಕತೆ ಮುಗೀತು ಮಾವ, ಲಿನಕ್ಸ್ ಹಾಕ್ಬುಡ್ತೀನಿ" ಅಂದ. ಅರ್ಧ ಗಂಟೆಯಲ್ಲಿ ಹಾಕಿಯೂ ಬಿಟ್ಟ. ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿದ್ದ ನನಗೆ ಫೋನ್. "ಎಲ್ಲಾ ಎಕ್ಕುಟ್ಟೋಯ್ತು ಕಣಣ್ಣ. ಪ್ರಿಂಟರ್ ಅಲ್ಲಾಡ್ತಾನೇ ಇಲ್ಲ. ನುಡಿ ಫೈಲ್ ತೆಗುದ್ರೆ ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ಎಂಥದೋ ಬತ್ತದೆ!"

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ, ಬಿಟ್ಟಿ ಸಿಗುವ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಹುಡುಗ ಹಾಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಕುವ ಮುಂಚೆ ಅಂಗಡಿಯ ಕೆಲಸ ಏನು ಅಂತ ಕೇಳಿರಲಿಲ್ಲ, ಅಷ್ಟೇ. ಇದೇ ಎಡವಟ್ಟನ್ನು ಕುವೆಂಪುನಗರದ ನಿವೃತ್ತ ಮೇಷ್ಟ್ರ ಮನೆಯಲ್ಲೂ ನೋಡಿದ್ದೇನೆ, ನಮ್ಮ ಅತ್ತಿಗೆ ಮನೆಯಲ್ಲೂ ನೋಡಿದ್ದೇನೆ. ಅದಕ್ಕೇ ಈ ಲೇಖನ.

1. ನಿಮ್ಮ ಯಂತ್ರ ಎಲ್ಲಿ ನಿಂತಿದೆ ನೋಡಿ

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಂತ ಕಂಪ್ಯೂಟರ್ ಅವತ್ತೇ ಆಫ್ ಆಗಲ್ಲ, ಎಂದಿನಂತೆ ಓಡುತ್ತೆ. ಹೊಸದಾಗಿ ಸಿಗುವ ತೂತುಗಳಿಗೆ ಮಾತ್ರ ತೇಪೆ ಬರಲ್ಲ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಕೊಡುತ್ತೇವೆ ಅಂತಲೂ ಕಂಪನಿ ಹೇಳಿತ್ತು. ಆ ದಾರಿ ಹಿಡಿದವರಿಗೆ ಯೋಚನೆ ಮಾಡಲು ಒಂದಿಷ್ಟು ಸಮಯ ಸಿಕ್ಕಿತು.

ವಿಂಡೋಸ್ 11ಕ್ಕೆ ಏರಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. "ಆಗುತ್ತೆ" ಅಂತ ಬಂದರೆ, ಮತ್ತು ನಿಮಗೆ ಬೇರೆ ತಕರಾರಿಲ್ಲದಿದ್ದರೆ, ಏರಿಸಿಕೊಳ್ಳಿ. ಮುಂದಿನದನ್ನು ಓದಬೇಕಾಗಿಲ್ಲ.

ಈ ತಪಾಸಣೆಯನ್ನೇ ತಪ್ಪಿಸಿ 11 ಹಾಕುವ ಉಪಾಯವೂ ಇದೆ. ಮನೆಯಲ್ಲಿ ಆಟಕ್ಕೆ ಬೇಕಾದರೆ ಮಾಡಿ. ದುಡ್ಡಿನ ವ್ಯವಹಾರ ನಡೆಯುವ ಕಂಪ್ಯೂಟರ್‌ನಲ್ಲಿ ಬೇಡ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಭರವಸೆಯನ್ನು ಕಂಪನಿ ಕೊಡಲ್ಲ. ಇನ್ನು ಐನೂರು ರೂಪಾಯಿಗೆ "ಲೈಫ್‌ಟೈಮ್ ಕೀ" ಮಾರುವವರು, ಆಕ್ಟಿವೇಟರ್ ಹಾಕಿಕೊಡುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

2. ಜನಪ್ರಿಯತೆಯ ಲೆಕ್ಕ ನೋಡಿ, ಆದರೆ ಅದೇ ಕಾರಣವಾಗೋದು ಬೇಡ

"ಎಲ್ಲರೂ ಯಾವುದು ಬಳಸ್ತಾರೋ ಅದನ್ನೇ ಹಾಕು" ಅನ್ನುವವರಿದ್ದಾರೆ. "ಎಲ್ಲರೂ ಲಿನಕ್ಸ್‌ಗೆ ಹೋಗ್ತಿದ್ದಾರೆ" ಅನ್ನುವ ಉತ್ಸಾಹಿಗಳೂ ಇದ್ದಾರೆ. ಇಬ್ಬರೂ ತೋರಿಸುವುದು ಸಾಮಾನ್ಯವಾಗಿ ಯಾವ ಓಎಸ್ ಎಷ್ಟು ಬಳಕೆಯಲ್ಲಿದೆ ಅಂತ ಲೆಕ್ಕ ಇಡುವ ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಅಂಕಿ. 2009ರಲ್ಲಿ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ವಿಂಡೋಸ್ ಇತ್ತು. ಈಗ 70ರ ಆಸುಪಾಸಿನಲ್ಲಿದೆ. 2024ರ ಫೆಬ್ರವರಿಯಲ್ಲಿ ಲಿನಕ್ಸ್ ಮೊದಲ ಸಲ 4 ದಾಟಿತು. ಭಾರತದಲ್ಲಂತೂ ಅದೇ ವರ್ಷ 15 ದಾಟಿದ್ದನ್ನು ತೋರಿಸಿತ್ತು. ವಿಂಡೋಸ್ ಒಳಗಡೆಯೇ 11 ತನ್ನ ಅಣ್ಣ 10ನ್ನು ಹಿಂದೆ ಹಾಕಿದ್ದು 2025ರ ಜುಲೈನಲ್ಲಿ.

ಈ ಸಂಸ್ಥೆ ಎಣಿಸುವುದು ವೆಬ್ ಪುಟಗಳ ಭೇಟಿಯನ್ನು. ಒಬ್ಬನೇ ದಿನಕ್ಕೆ ನೂರು ಪುಟ ತೆರೆದರೆ ನೂರು ಲೆಕ್ಕ. ನಮ್ಮ ಜೆರಾಕ್ಸ್ ಅಂಗಡಿಯವನು ಇಡೀ ದಿನ ನುಡಿಯಲ್ಲಿ ಟೈಪ್ ಮಾಡಿ ಬ್ರೌಸರ್ ತೆರೆಯದೇ ಇದ್ದರೆ ಅವನು ಲೆಕ್ಕಕ್ಕೇ ಇಲ್ಲ. ಹಳೇ ಉದಾಹರಣೆ ಒಂದು ಇದೆ. ವಿಂಡೋಸ್ 7 ಎಕ್ಸ್‌ಪಿಯನ್ನು ಹಿಂದೆ ಹಾಕಿದ್ದು ಯಾವಾಗ? 2011ರ ಅಕ್ಟೋಬರ್ ಅಂತ ಸ್ಟ್ಯಾಟ್‌ಕೌಂಟರ್ ಹೇಳಿತು. ಜನರನ್ನು ಎಣಿಸಿ, ದೇಶಕ್ಕೆ ತಕ್ಕ ತೂಕ ಕೊಡುತ್ತಿದ್ದ ನೆಟ್ ಅಪ್ಲಿಕೇಷನ್ಸ್ ಪ್ರಕಾರ 2012ರ ಆಗಸ್ಟ್. ಒಂದೇ ಪ್ರಶ್ನೆಗೆ ಹತ್ತು ತಿಂಗಳ ವ್ಯತ್ಯಾಸ!

ಮ್ಯಾಕ್ ಬಗ್ಗೆಯೂ ಕೇಳ್ತಾರೆ. ಚೆನ್ನಾಗಿದೆ, ಬ್ಯಾಟರಿ ಬರುತ್ತೆ, ಆದರೆ ಅದಕ್ಕೆ ಆಪಲ್ ಯಂತ್ರವನ್ನೇ ಕೊಳ್ಳಬೇಕು. ಹಳೇ ಕಂಪ್ಯೂಟರ್ ಉಳಿಸುವ ಮಾತಿಗೆ ಅದು ಬರಲ್ಲ. ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ತೋರಿಸಿ ಆಸೆ ಹುಟ್ಟಿಸಿದರೆ ಕೈ ಹಾಕಬೇಡಿ. ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆ.

3. ಕೆಲಸದ ಪಟ್ಟಿ ಬರೆಯಿರಿ

ಕಾಗದ, ಪೆನ್ನು ತಗೊಳ್ಳಿ. ಒಂದು ವಾರದಲ್ಲಿ ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸವೆಲ್ಲ ಬರೆಯಿರಿ. ಟ್ಯಾಲಿ ಇದ್ದರೆ, ಡಿಜಿಟಲ್ ಸಹಿಯ ಟೋಕನ್ ಚುಚ್ಚುವ ಕೆಲಸವಿದ್ದರೆ, ಫೋಟೊಶಾಪ್ ಅಥವಾ ಕೋರಲ್‌ಡ್ರಾ ಇದ್ದರೆ ವಿಂಡೋಸ್‌ನಲ್ಲೇ ಇರಿ. ಅದನ್ನೆಲ್ಲ ಲಿನಕ್ಸ್‌ನಲ್ಲಿ ಓಡಿಸುತ್ತೇನೆ ಅಂತ ಹೊರಟವರು ಓಡಿಸಿದ್ದಕ್ಕಿಂತ ಓಡಾಡಿದ್ದೇ ಜಾಸ್ತಿ. ಪಟ್ಟಿಯಲ್ಲಿ ಬ್ರೌಸರ್, ವಾಟ್ಸ್ಯಾಪ್ ವೆಬ್, ಯೂಟ್ಯೂಬ್, ಪತ್ರ ಬರೆಯುವುದು, ಮಕ್ಕಳ ಪ್ರಾಜೆಕ್ಟ್ ಇಷ್ಟೇ ಇದ್ದರೆ ಲಿನಕ್ಸ್ ಧಾರಾಳವಾಗಿ ಸಾಕು. ಬಾವಲಿ ದಾಟಿ ವಯನಾಡಿಗೆ ಹೋದರೆ ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ.

ಲಿನಕ್ಸ್‌ನಲ್ಲಿ ಯಾವುದು? ನೂರಾರು ಬಗೆ ಇವೆ. ತಲೆ ಕೆಡಿಸಿಕೊಳ್ಳದೆ ಲಿನಕ್ಸ್ ಮಿಂಟ್ ತಗೊಳ್ಳಿ. ಅದರಲ್ಲೂ ಬೇರೆ ಬೇರೆ ಆವೃತ್ತಿಗಳಿವೆ: 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ. ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ. ಸ್ಟಾರ್ಟ್ ಮೆನು ಎಡಗಡೆ ಕೆಳಗೇ ಇರುತ್ತೆ, ಹಾಗಾಗಿ ಮೇಷ್ಟ್ರಿಗೂ ಗಾಬರಿಯಾಗಲಿಲ್ಲ.

4. ಪೆನ್‌ಡ್ರೈವ್ ಮಾಡಿ

ಇಡೀ ಓಎಸ್ ಒಂದೇ ಕಡತದಲ್ಲಿರುವ, ಸುಮಾರು 3 ಜಿಬಿಯ ಐಎಸ್‌ಒ ಫೈಲನ್ನು ಮಿಂಟ್‌ನ ಸ್ವಂತ ತಾಣದಿಂದ ಇಳಿಸಿಕೊಂಡು, ರೂಫಸ್ ಎಂಬ ವಿಂಡೋಸ್ ತಂತ್ರಾಂಶ ಬಳಸಿ 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಸಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ಖಾಲಿ ಇರುವುದನ್ನೇ ತಗೊಳ್ಳಿ. ಮುನ್ನೂರು ರೂಪಾಯಿಗೆ 2 ಟಿಬಿ ಅಂತ ಮಾರುವ ಪೆನ್‌ಡ್ರೈವ್ ಮೋಸದ್ದು. ಅದರಲ್ಲಿ ಅಷ್ಟು ಜಾಗ ಇರೋದೇ ಇಲ್ಲ.

5. ಪರೀಕ್ಷೆ: ಎಲ್ಲರೂ ಎಡವುವ ಜಾಗ

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಎಫ್12 ಒತ್ತುತ್ತಾ ಇರಿ. ಕೆಲವು ಕಂಪನಿಯದಕ್ಕೆ ಎಫ್9 ಅಥವಾ ಎಸ್ಕೇಪ್. ಬಂದ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆ ಪೂರ್ತಿ ಮಿಂಟ್ ಪೆನ್‌ಡ್ರೈವ್‌ನಿಂದಲೇ ಎದ್ದು ನಿಲ್ಲುತ್ತೆ.

ಇಲ್ಲಿ ಜನ ಮಾಡೋದೇನು? ವಾಲ್‌ಪೇಪರ್ ನೋಡ್ತಾರೆ, ಎರಡು ಕಿಟಕಿ ತೆರೆದು ಮುಚ್ಚುತ್ತಾರೆ, "ಚೆನ್ನಾಗಿದೆ, ಹಾಕ್ಬಿಡಿ" ಅಂತಾರೆ. ಇಲ್ಲವೇ "ನಿಧಾನ" ಅಂತ ಎದ್ದು ಹೋಗ್ತಾರೆ. ಎರಡೂ ಆತುರ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವಾಗೇ ಇರುತ್ತೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ. ಒಂದು ವಾರ, ದಿನಕ್ಕೆ ಅರ್ಧ ಗಂಟೆ ಕೂತು ಪಟ್ಟಿಯಲ್ಲಿರುವ ಒಂದೊಂದೇ ಕೆಲಸ ಮಾಡಿ. ಒಂದು ಎಚ್ಚರ: ರೀಸ್ಟಾರ್ಟ್ ಮಾಡಿದರೆ ಇಲ್ಲಿ ಮಾಡಿದ ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತೆ. ಬೇಕಾದ ಫೈಲನ್ನು ಬೇರೆ ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಿ.

ಮೊದಲು ವೈಫೈ. ಕೆಲವು ಲ್ಯಾಪ್‌ಟಾಪ್‌ನ ವೈಫೈ ಚಿಪ್‌ಗೆ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತೆ. ಹೆಸರು ಕಾಣದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಟೆಥರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬಹಳಷ್ಟು ಸಲ ಅಲ್ಲೇ ಪರಿಹಾರ ಇರುತ್ತೆ. ಆಮೇಲೆ ಸ್ಪೀಕರ್, ಮೈಕ್, ಕ್ಯಾಮೆರಾ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ಎದ್ದೇಳದೇ ಮಲಗೇ ಇದ್ದರೆ ಅದೊಂದು ದೊಡ್ಡ ತಲೆನೋವು, ಬರೆದಿಟ್ಟುಕೊಳ್ಳಿ.

ಪ್ರಿಂಟರ್ ಮರೆಯಲೇಬೇಡಿ. ಎಚ್‌ಪಿಯವರು ಲಿನಕ್ಸ್‌ಗೆಂದೇ ಡ್ರೈವರ್ ಕೊಡುತ್ತಾರೆ, ಹೆಚ್ಚಿನವು ತಾವೇ ಗುರುತು ಹಿಡಿಯುತ್ತವೆ. ವೈಫೈ ಇರುವ ಈಚಿನ ಪ್ರಿಂಟರ್‌ಗಳೂ ಸುಲಭ. ಮಂಡ್ಯದ ಅಂಗಡಿಯಲ್ಲಿದ್ದದ್ದು ಹಳೇ ಚಿಕ್ಕ ಲೇಸರ್, ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವಂಥದ್ದು. ಅದಕ್ಕೆ ನಾನು ಇಡೀ ಮಧ್ಯಾಹ್ನ ಗುದ್ದಾಡಿದೆ. ಒಂದು ಪುಟ ಬಂತು, ಎರಡನೆಯದಕ್ಕೆ ನಿಂತಿತು. ಪೆನ್‌ಡ್ರೈವ್‌ನಲ್ಲೇ ನೋಡಿದ್ದರೆ ಆ ಮಧ್ಯಾಹ್ನ ಉಳೀತಿತ್ತು.

ಇನ್ನು ಕನ್ನಡ. ಇದು ಎರಡು ಬೇರೆ ಬೇರೆ ಪರೀಕ್ಷೆ, ಒಂದೇ ಅಂದುಕೊಳ್ಳಬೇಡಿ.

ಮೊದಲನೆಯದು ಹೊಸದಾಗಿ ಟೈಪ್ ಮಾಡೋದು. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ಸ್‌ಗೆ ಹೋಗಿ, ಕನ್ನಡದ ಕೆಳಗೆ "ಕಗಪ" ಅಂತ ಇರೋದನ್ನು ಸೇರಿಸಿ. ಇದು ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯದ್ದು, ನುಡಿಯಲ್ಲಿ ಬೆರಳು ಪಳಗಿದವರಿಗೆ ಸಲೀಸು. ಎಮ್, ಶಿಫ್ಟ್ ಹಿಡಿದು ಎಮ್, ಡಬ್ಲ್ಯು, ಎಫ್, ವೈ ಒತ್ತಿ. "ಮಂಡ್ಯ" ಬಂತಾ? ಹಾಗಾದರೆ ಇದು ಪಾಸ್. ಇಲ್ಲಿ ಬರುವುದು ಎಲ್ಲ ಯಂತ್ರಕ್ಕೂ ಒಂದೇ ಆಗಿರುವ ಯೂನಿಕೋಡ್ ಸಂಕೇತದ ಕನ್ನಡ, ಫೋನಿಗೆ ಕಳಿಸಿದರೂ ಕನ್ನಡವಾಗೇ ಕಾಣುತ್ತೆ.

ಎರಡನೆಯದು ಹಳೇ ಫೈಲ್. ಅಂಗಡಿಯವನು ಗಾಬರಿಯಾಗಿದ್ದು ಇಲ್ಲೇ. ನುಡಿಯ ಹಳೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಫೈಲ್‌ನೊಳಗೆ ಅಸಲಿಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚುತ್ತೆ. ಅವನ ಕರಾರು ಪತ್ರ ತೆರೆದು ನೋಡಿದೆ. "ನ" ಇರಬೇಕಾದಲ್ಲೆಲ್ಲ ಬ್ರಿಟಿಷ್ ಪೌಂಡ್ ಚಿಹ್ನೆ, ಅದರ ಪಕ್ಕ ತಲೆ ಮೇಲೆ ಗೀಟಿರುವ ದೊಡ್ಡ ಎ. ಮಾಲೀಕನ ಹೆಸರಲ್ಲೇ ಎರಡು ಪೌಂಡ್!

ಫೈಲ್ ಹಾಳಾಗಿರಲ್ಲ, ಹೆದರಬೇಡಿ. ಅಡ್ಡದಾರಿ ಒಂದಿದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿಯ ಫಾಂಟ್‌ಗಳನ್ನು ಕಾಪಿ ಮಾಡಿಕೊಂಡು ಬನ್ನಿ. ಮಿಂಟ್‌ನಲ್ಲಿ ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಮಿಂಟ್‌ನಲ್ಲಿ ವರ್ಡ್ ಬದಲು ಇರುವ ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ. ಕನ್ನಡ ವಾಪಸ್ ಬರುತ್ತೆ. ಓದೋಕೆ, ಪ್ರಿಂಟ್ ತೆಗೆಯೋಕೆ ಇಷ್ಟು ಸಾಕು. ತಿದ್ದಬೇಕು ಅಂದರೆ ಹಳೇ ಅಕ್ಷರವನ್ನು ಯೂನಿಕೋಡ್ ಮಾಡುವ ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಬೇಕು. ಇದನ್ನು ವಿಂಡೋಸ್ ಇರುವಾಗಲೇ ಮಾಡಿ ಮುಗಿಸಿ. ಬದಲಿಸಿದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಓದಿ. ಅರ್ಕಾವತ್ತು ಜಾಗ ತಪ್ಪಿರುತ್ತೆ. ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಅದನ್ನೂ ಕನ್ನಡ ಮಾಡಲು ಹೋಗಿ ಚಿತ್ರಾನ್ನ ಮಾಡಿಟ್ಟಿರುತ್ತೆ.

6. ನಕಲು ತೆಗೆದಿಡಿ, ಆಮೇಲೆ ಹಾಕಿ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೊ, ಫಾಂಟ್, ಬ್ರೌಸರ್‌ನ ಪಾಸ್‌ವರ್ಡ್. ಎಲ್ಲ ಹೊರಗಿನ ಡಿಸ್ಕ್‌ಗೆ. ನಕಲು ಮಾಡಿದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕು ಫೈಲ್ ತೆರೆದು ನೋಡಿ.

ಹಾಕುವಾಗ ಬರುವ ಪ್ರಶ್ನೆಗಳಲ್ಲಿ ಭಯಪಡಬೇಕಾದ್ದು ಒಂದೇ. ವಿಂಡೋಸ್ ಜೊತೆಗೇ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ ಅಂತ ಕೇಳುತ್ತೆ. "ಅಳಿಸು" ಅಂದರೆ ಇಡೀ ಡಿಸ್ಕ್. ನಮ್ಮ ಅತ್ತಿಗೆ, "ಫೋಟೊ ಎಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಮಾತ್ರ ಹೋಗುತ್ತೆ ಅಲ್ವಾ" ಅಂದಿದ್ದರು. ಇಲ್ಲ. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆ. ಮನೆ ಕೆಡವಿದರೆ ಎರಡೂ ಹೋಗುತ್ತೆ.

ನನ್ನ ಸಲಹೆ ಕೇಳಿದರೆ ಎರಡೂ ಆಯ್ಕೆ ಬೇಡ. 256 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಕೊಳ್ಳಿ. ಹಳೇ ಡಿಸ್ಕಿನ ವೈರ್ ಬಿಚ್ಚಿ, ಹೊಸದನ್ನು ಸಿಕ್ಕಿಸಿ, ಅದಕ್ಕೆ ಮಿಂಟ್ ಹಾಕಿ. ಅಳಿಸೋಕೆ ಹಳೇದು ಅಲ್ಲಿ ಇರೋದೇ ಇಲ್ಲ. ತಿರುಗುವ ಹಾರ್ಡ್‌ಡಿಸ್ಕ್‌ನ ಹಳೇ ಕಂಪ್ಯೂಟರ್ ವೇಗ ಆಗೋದೂ ಓಎಸ್‌ಗಿಂತ ಹೆಚ್ಚಾಗಿ ಈ ಎಸ್‌ಎಸ್‌ಡಿಯಿಂದಲೇ. ಹಳೇ ಡಿಸ್ಕ್ ಒಂದು ವರ್ಷ ಬೀರುವಿನಲ್ಲಿರಲಿ.

ಹಾಕಿದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಏನಾದರೂ ಕೆಟ್ಟರೆ ಓಎಸ್ಸನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಆನ್ ಮಾಡಿ. ಆಂಟಿವೈರಸ್, "ಸ್ಪೀಡ್ ಬೂಸ್ಟರ್" ಏನೂ ಹಾಕಬೇಡಿ.

ಮಂಡ್ಯದ ಅಂಗಡಿಯಲ್ಲಿ ಈಗ ಎರಡು ಯಂತ್ರ ಇವೆ. ಆ ಹಟಮಾರಿ ಲೇಸರ್ ಮತ್ತು ಟೋಕನ್ ಕೆಲಸಕ್ಕೆ ವಿಂಡೋಸ್ 11ರ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಹಳೇದರಲ್ಲಿ ಮಿಂಟ್. ಗಿರಾಕಿಗಳು ಅರ್ಜಿ ತುಂಬೋದು, ಅವನು ಹೊಸ ಕರಾರು ಟೈಪ್ ಮಾಡೋದು ಅದರಲ್ಲೇ. ಟೈಪ್ ಆದದ್ದನ್ನು ಪಿಡಿಎಫ್ ಮಾಡಿ ಪಕ್ಕದ ಯಂತ್ರಕ್ಕೆ ಕಳಿಸಿ ಪ್ರಿಂಟ್ ತೆಗೆಯುತ್ತಾನೆ. ತಂಗಿ ಮಗ ಹಬ್ಬಕ್ಕೆ ಬಂದರೆ ಕಂಪ್ಯೂಟರ್ ಇರುವ ಕಡೆಗೆ ಬಿಡಲ್ಲವಂತೆ.