ಬಾಣಂತಿಯ ಎದೆ ಬಾವು: ಗಂಟನ್ನು ತಿಕ್ಕಬೇಡಿ, ಕೂಸಿಗೆ ಹಾಲು ಬಿಡಿಸಬೇಡಿ

ಧಾರವಾಡದ ಸುತ್ತಲಿನ ಮನೆಗಳಲ್ಲಿ ಬಾಣಂತಿಗೆ ಹಾಲು ಕಟ್ಟಿ ಜ್ವರ ಬಂದಾಗ ಎರಡು ತಪ್ಪುಗಳು ಒಟ್ಟೊಟ್ಟಿಗೆ ನಡೆಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೂಸಿಗೆ ಆ ಬದಿಯ ಹಾಲನ್ನು ನಿಲ್ಲಿಸುತ್ತಾರೆ. ಗಂಟು ಕರಗಲೆಂದು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುತ್ತಾರೆ. ಎರಡರಿಂದಲೂ ಬಾವು ಹೆಚ್ಚುತ್ತದೆ.

ಮೊದಲನೆಯದು, ಗುರುತಿಸುವುದು. ಸಾಮಾನ್ಯವಾಗಿ ಒಂದೇ ಎದೆಯ ಒಂದು ಭಾಗ ಗಟ್ಟಿಯಾಗಿ, ಬಿಸಿಯಾಗಿ, ಕೆಂಪಾಗಿ ನೋಯುತ್ತದೆ. ಜೊತೆಗೆ ಚಳಿಜ್ವರ, ಮೈಕೈ ನೋವು ಇರುತ್ತವೆ.

ಎರಡನೆಯದು, ಹಾಲುಣಿಸುವುದು. ಬಾವು ಬಂದ ಎದೆಯ ಹಾಲಿನಿಂದ ಆರೋಗ್ಯವಂತ ಕೂಸಿಗೆ ತೊಂದರೆಯಿಲ್ಲ. ಅದು ಕೇಳಿದಾಗಲೆಲ್ಲ ಎಂದಿನಂತೆ ಕುಡಿಸಿ, ಆದರೆ ಎದೆ ಪೂರ್ತಿ ಬರಿದಾಗಲೆಂದು ಹೆಚ್ಚುವರಿಯಾಗಿ ಹಿಂಡಿ ತೆಗೆಯಬೇಡಿ, ಏಕೆಂದರೆ ತೆಗೆದಷ್ಟೂ ಹಾಲು ಹೆಚ್ಚು ಊರುತ್ತದೆ. ರಬ್ಬರ್ ಬುರುಡೆಯ ಅಗ್ಗದ ಪಂಪನ್ನು ಕೊಳ್ಳಲೇಬೇಡಿ. ಅದರ ಸೆಳೆತವನ್ನು ಹಿಡಿತದಲ್ಲಿಡಲು ಬರುವುದಿಲ್ಲ, ಬುರುಡೆಯ ಒಳಭಾಗವನ್ನು ತೊಳೆಯಲೂ ಆಗುವುದಿಲ್ಲ.

ಮೂರನೆಯದೇ ಎಲ್ಲರೂ ಎಡವುವ ಹಂತ. ಕೈಗೆ ಸಿಗುವ ಗಂಟು ಗಟ್ಟಿಯಾದ ಹಾಲಿನ ಉಂಡೆಯೆಂದು ಹಿರಿಯರು ತಿಳಿಯುತ್ತಾರೆ. ನಿಜವಾಗಿ ಅಲ್ಲಿ ಹಾಲಿನ ಸಣ್ಣ ನಾಳಗಳ ಸುತ್ತಲಿನ ಮಾಂಸ ಊದಿಕೊಂಡು, ನಾಳಗಳನ್ನು ಹೊರಗಿನಿಂದ ಒತ್ತಿರುತ್ತದೆ. ಅದನ್ನು ನಾದಿದರೆ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಇಮ್ಮಡಿಸುತ್ತದೆ, ಕೀವುಗಟ್ಟುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ಜೋಳದ ಹಿಟ್ಟು ನಾದುವ ಕೈ ಇಲ್ಲಿ ಸಲ್ಲದು. ಮಲಗಿದ ಕೂಸಿನ ಹಣೆ ಸವರುವಷ್ಟು ಹಗುರವಾಗಿ, ಚರ್ಮ ಮಾತ್ರ ಸರಿಯುವಂತೆ, ಎದೆಯಿಂದ ಕಂಕುಳಿನ ಕಡೆಗೆ ಮತ್ತು ಕೊರಳೆಲುಬಿನ ಕಡೆಗೆ ನಾಲ್ಕಾರು ಬಾರಿ ಸವರಿದರೆ ಸಾಕು. ನೋವಾದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಬಳಿಕ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಅಂಗಡಿಯ ಜೆಲ್ ಚೀಲಕ್ಕಿಂತ ಹಳೆಯ ಹತ್ತಿ ಸೀರೆಯ ತುಂಡೇ ನನಗೆ ಮೆಚ್ಚು. ಬಾಣಂತಿಗೆ ತಣ್ಣನೆಯದು ತಾಕಬಾರದೆಂದು ಅತ್ತೆಯವರು ತಡೆಯಬಹುದು. ಎದೆಯ ಮೇಲಿಟ್ಟ ತಂಪಿನಿಂದ ಕೂಸಿಗೆ ನೆಗಡಿಯಾಗುವುದಿಲ್ಲವೆಂದು ತಾಳ್ಮೆಯಿಂದ ತಿಳಿಸಿ. ಬಾವಿರುವ ಜಾಗಕ್ಕೆ ಅಗ್ಗಿಷ್ಟಿಕೆಯ ಕಾವು ಮತ್ತು ಸುಡುನೀರು ತಾಕದಿರಲಿ.

ನೋವು, ಜ್ವರಗಳಿಗೆ ಪ್ಯಾರಾಸಿಟಮಾಲನ್ನು ಹಾಲುಣಿಸುವಾಗಲೂ ತೆಗೆದುಕೊಳ್ಳಬಹುದು.

ನಾಲ್ಕನೆಯದು, ವೈದ್ಯರು. 24 ಗಂಟೆಗಳಲ್ಲಿ ಇಳಿಮುಖ ಕಾಣದಿದ್ದರೆ ಕಾಯಬೇಡಿ. ಜ್ವರ ತೀವ್ರವಾಗಿದ್ದರೆ, ತೊಟ್ಟು ಒಡೆದು ಕೀವು ಬರುತ್ತಿದ್ದರೆ ಅಥವಾ ಹೆರಿಗೆಯಾಗಿ ಕೆಲವೇ ದಿನಗಳಾಗಿದ್ದರೆ ಅಂದೇ ಹೋಗಿ. ಬಾವಿಗೆ ಸೋಂಕು ತಗುಲಿದ್ದರೆ ಅದಕ್ಕೆ ಹೆಚ್ಚಾಗಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಾರಣ, ಆಗ ಪ್ರತಿಜೀವಕವನ್ನು (ಆಂಟಿಬಯೋಟಿಕ್) ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ಎರಡು ದಿನ ನುಂಗಿ ಬಿಡುವುದು ಚಿಕಿತ್ಸೆಯಲ್ಲ.

ಗಂಟು ಮೆತ್ತಗಾಗಿ ಒಳಗೆ ನೀರು ತುಂಬಿದಂತೆ ತುಳುಕಿದರೆ ಕೀವು ಕಟ್ಟಿರಬಹುದು. ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಸ್ಕ್ಯಾನ್ ಮಾಡಿ ನೋಡಿದ ಮೇಲೆ ಎಷ್ಟೋ ಬಾರಿ ಸೂಜಿಯಿಂದಲೇ ಕೀವನ್ನು ತೆಗೆಯಬಹುದು. ಆಗಲೂ ಗಾಯಕ್ಕೆ ಕೂಸಿನ ಬಾಯಿ ತಾಗದಿದ್ದರೆ ಅದೇ ಎದೆಯಿಂದ ಹಾಲುಣಿಸುವುದನ್ನು ಸಾಮಾನ್ಯವಾಗಿ ಮುಂದುವರಿಸಬಹುದು.