ಇದು ನಿಲ್ಲಲಿ ಅಂತಲೇ ಅದೆಲ್ಲ ಓಡಿದ್ದು: ಈರುಳ್ಳಿ, ಕೋಟೆ ಮತ್ತು ನನ್ನ ಬಯಾಲಜಿ ಪಾಠ

ಮೊದಲ ಪಿಯುಸಿ ಬಯಾಲಜಿಯಲ್ಲಿ ಜೀವಕೋಶದ ಪಾಠ ಒಂದು ಕಡೆ ಬರುತ್ತದೆ. ಬೆವರು, ಮೂತ್ರಪಿಂಡ, ಹಾರ್ಮೋನುಗಳ ಪಾಠ ಎಷ್ಟೋ ದಿನ ಕಳೆದ ಮೇಲೆ ಇನ್ನೊಂದು ಕಡೆ. ಎರಡೂ ಒಂದೇ ಕಥೆ, ದೇಹ ತನ್ನ ಒಳಗನ್ನು ಸ್ಥಿರವಾಗಿ ಇಟ್ಟುಕೊಳ್ಳುವ ಹೋಮಿಯೋಸ್ಟಾಸಿಸ್‌ನ ಕಥೆ, ಅಂತ ಮಕ್ಕಳಿಗೆ ಅನಿಸುವುದೇ ಇಲ್ಲ. ಚಿತ್ರದುರ್ಗದಲ್ಲಿ ಪಾಠ ಮಾಡುವ ನಾನು ಈಗ ಅವನ್ನು ಜೋಡಿಸಿಯೇ ಹೇಳುತ್ತೇನೆ. ಶುರು ಮಾಡುವುದು ಈರುಳ್ಳಿಯಿಂದ.

ಈರುಳ್ಳಿಗೆ ನಮ್ಮಲ್ಲಿ ಬರವಿಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಮಕ್ಕಳು ಹೊಲದಿಂದಲೇ ತಂದುಕೊಡುತ್ತಾರೆ. ಕೆಂಪು ಗಡ್ಡೆಯೇ ಆಗಬೇಕು. ಸಾಮಾನ್ಯವಾಗಿ ಪದರದ ಒಳಮೈಯಿಂದ ಪೊರೆ ಎತ್ತಿ, ಬಣ್ಣ ಹಾಕಿ ತೋರಿಸುತ್ತಾರೆ. ನಾನು ಉಬ್ಬಿದ ಹೊರಮೈಯಿಂದ ತೆಗೆಸುತ್ತೇನೆ. ಅದು ಸಲೀಸಾಗಿ ಬರಲ್ಲ, ಚೂರು ಚೂರಾಗುತ್ತದೆ. ಆದರೆ ನೇರಳೆ ಬಣ್ಣ ಇರುವುದೇ ಅಲ್ಲಿ, ಕೋಶದ ಒಳಗಿನ ರಸದಲ್ಲಿ. ಬೇರೆ ಬಣ್ಣದ ಗೋಜೇ ಇಲ್ಲ.

ಮೊದಲು ಸಾದಾ ನೀರಿನಲ್ಲಿಟ್ಟು ನೋಡಿಸುತ್ತೇನೆ. ಪ್ರತಿ ಕೋಶವೂ ಅಂಚಿನವರೆಗೆ ನೇರಳೆ. ಆಮೇಲೆ ಕವರ್ ಸ್ಲಿಪ್‌ನ ಒಂದು ಬದಿಗೆ ಉಪ್ಪುನೀರು ಬಿಟ್ಟು, ಇನ್ನೊಂದು ಬದಿಗೆ ಬ್ಲಾಟಿಂಗ್ ಪೇಪರ್ ಹಿಡಿದರೆ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. 100 ಮಿ.ಲೀ. ನೀರಿಗೆ 5 ಗ್ರಾಂ ಅಡುಗೆ ಉಪ್ಪು ಸಾಕು. ಹೊರಗಿನ ಉಪ್ಪು ಕೋಶದ ನೀರನ್ನು ಹೊರಕ್ಕೆ ಎಳೆಯುವುದರಿಂದ ಸ್ವಲ್ಪ ಹೊತ್ತಿಗೆ ನೇರಳೆ ಭಾಗ ಗೋಡೆ ಬಿಟ್ಟು ಒಳಕ್ಕೆ ಮುದುಡುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ತಡ ಮಾಡದೆ ಸಾದಾ ನೀರು ಬಿಟ್ಟರೆ ಎಷ್ಟೋ ಕೋಶಗಳು ಮತ್ತೆ ಉಬ್ಬುತ್ತವೆ.

ಆಗ ಕೇಳುತ್ತೇನೆ: "ಈರುಳ್ಳಿಗೆ ಗಟ್ಟಿ ಗೋಡೆಯಾದರೂ ಇದೆ. ನಿಮ್ಮ ರಕ್ತಕಣಕ್ಕೆ ಅದೂ ಇಲ್ಲ. ಮಂಡಕ್ಕಿ ಮಿರ್ಚಿ ತಿಂದ ಮೇಲೆ ಅದು ಯಾಕೆ ಮುದುಡಲ್ಲ?"

ಇಡೀ ಪಾಠ ಈ ಪ್ರಶ್ನೆಯಲ್ಲೇ ಇದೆ. ಕೆರೆಯ ಅಮೀಬಾ ತನಗೆ ಬೇಕಾದ್ದನ್ನು ಕೆರೆಯಿಂದಲೇ ತಗೊಳ್ಳುತ್ತದೆ. ನಮ್ಮ ಲಿವರಿನ ನಡುವೆ ಕೂತ ಕೋಶ ಎಲ್ಲಿಗೆ ಹೋಗಬೇಕು? ಅದಕ್ಕೇ ಕೋಶಗಳು ಕೆಲಸ ಹಂಚಿಕೊಂಡು ಅಂಗಾಂಶವಾಗಿವೆ, ಅಂಗವಾಗಿವೆ. ದೇಹದ ನೀರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೋಶಗಳ ಒಳಗಿದೆ, ಒಂದು ಪಾಲು ಹೊರಗೆ. ಎಲ್ಲ ಅಂಗಗಳೂ ಸೇರಿ ಕಾಯುವುದು ಆ ಹೊರಗಿನ ಪಾಲನ್ನು. ಅದರಲ್ಲಿ ಉಪ್ಪು ಚೂರು ಜಾಸ್ತಿಯಾದರೂ ಮೆದುಳಿನ ಹೈಪೋಥಲಾಮಸ್‌ಗೆ ಗೊತ್ತಾಗುತ್ತದೆ. ಬಾಯಾರಿಕೆ ಹುಟ್ಟುತ್ತದೆ. ಎಡಿಎಚ್ ಹಾರ್ಮೋನು ಬಂದು, ನೀರು ಉಳಿಸು ಅಂತ ಮೂತ್ರಪಿಂಡಕ್ಕೆ ಹೇಳುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುವ ಅಂಗ ಅದು.

"ಹಂಗಾದ್ರೆ ಮಿರ್ಚಿ ತಿಂದಾಗ ನೀರು ಕುಡೀಬೇಕು ಅನ್ಸೋದು ಇದಕ್ಕೇನಾ ಮೇಡಂ?" ಅಂತ ದಾವಣಗೆರೆ ಕಡೆಯ ಹುಡುಗರು ಕೇಳುತ್ತಾರೆ. ಅರ್ಧ ಸರಿ. ಉಪ್ಪಿನ ದಾಹ ಬೇರೆ, ಖಾರದ ಉರಿ ಬೇರೆ. ಉರಿಗೆ ನೀರಿಗಿಂತ ಮಜ್ಜಿಗೆ ವಾಸಿ.

ಎರಡನೇ ಭಾಗಕ್ಕೆ ಕೋಟೆ. ಬೆಳಿಗ್ಗೆಯೇ ಹೋಗಬೇಕು, ಬಂಡೆ ಕಾದರೆ ಕಷ್ಟ. ಉಬ್ಬಸ, ಹೃದಯದ ತೊಂದರೆ ಇರುವವರು ಕೆಳಗೇ ಕೂತು ಲೆಕ್ಕ ಬರೆದುಕೊಳ್ಳುತ್ತಾರೆ. ಬಾಗಿಲ ಬಳಿ ಸ್ವಲ್ಪ ಹೊತ್ತು ಕೂರಿಸಿ ನಾಡಿ, ಉಸಿರು, ಮೈಬಿಸಿ ಬರೆಸುತ್ತೇನೆ. ಏಕನಾಥೇಶ್ವರಿ ಗುಡಿವರೆಗೆ ಚುರುಕಾಗಿ ಹತ್ತಿಸಿ ಮತ್ತೆ ಬರೆಸುತ್ತೇನೆ. ಏದುಸಿರು ಬಿಡುವಾಗ ನಾಲಿಗೆ ಕೆಳಗೆ ಥರ್ಮಾಮೀಟರ್ ಇಟ್ಟರೆ ಲೆಕ್ಕ ತಪ್ಪುತ್ತದೆ. ಕಂಕುಳಲ್ಲೇ ಇಡಬೇಕು, ಅದೂ ಬೆವರು ಒರೆಸಿ.

ನಾಡಿ 80ರ ಆಸುಪಾಸು ಇದ್ದದ್ದು ಎಷ್ಟೋ ಮಕ್ಕಳಲ್ಲಿ 130 ದಾಟಿರುತ್ತದೆ. ಉಸಿರು ಎರಡರಷ್ಟು. ಅಂಗಿ ಒದ್ದೆ. ಮೈಬಿಸಿ ನೋಡಿದರೆ ಹೆಚ್ಚೂಕಮ್ಮಿ ಅಷ್ಟೇ! "ಮೇಡಂ, ಥರ್ಮಾಮೀಟರ್ ಕೆಟ್ಟಿದೆ" ಅಂತಾರೆ. ಕೆಟ್ಟಿಲ್ಲ. ಇದು ನಿಲ್ಲಲಿ ಅಂತಲೇ ಅದೆಲ್ಲ ಓಡಿದ್ದು. ಪಟ್ಟಿಯನ್ನು ಹಾಗೇ ಎರಡು ಸಾಲಾಗಿ ಬರೆಸುತ್ತೇನೆ, ಓಡಿದ್ದು ಮತ್ತು ನಿಂತದ್ದು. ಸ್ಥಿರ ಅಂದರೆ ಸುಮ್ನೆ ಕೂತಿರುವುದು ಅಂತ ತಿಳಿದವರಿಗೆ ಈ ಪಟ್ಟಿ ಸಾಕು.

ಮೈಟೊಕಾಂಡ್ರಿಯಾ ಕೋಶದ ಪವರ್ ಹೌಸ್ ಅಂತ ಬಾಯಿಪಾಠ ಮಾಡಿಸುವುದು ನನಗೆ ಹಿಡಿಸಲ್ಲ. ಅದನ್ನು ಇಲ್ಲಿ, ಏರು ಹತ್ತಿ ನಿಂತಾಗ ಹೇಳಬೇಕು. ತೊಡೆಯ ಸ್ನಾಯುವಿನಲ್ಲಿ ಬಿಡುಗಡೆಯಾದ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಹತ್ತುವ ಕೆಲಸಕ್ಕೆ ಹೋಗುತ್ತದೆ. ಮಿಕ್ಕದ್ದೆಲ್ಲ ಬಿಸಿ. ಆ ಬಿಸಿಯನ್ನು ರಕ್ತ ಚರ್ಮಕ್ಕೆ ತರುತ್ತದೆ, ಬೆವರು ಆರುವಾಗ ಹೊತ್ತೊಯ್ಯುತ್ತದೆ. ಒಂದು ಗ್ರಾಂ ಬೆವರು ಆರಲು ಸುಮಾರು 580 ಕ್ಯಾಲೊರಿ ಬೇಕು. ಲ್ಯಾಬಿಗೆ ವಾಪಸ್ ಬಂದು ಎರಡು ಥರ್ಮಾಮೀಟರ್ ತೂಗು ಹಾಕುತ್ತೇವೆ, ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿ. ನಮ್ಮ ಒಣ ಬೇಸಿಗೆಯಲ್ಲಿ ಒದ್ದೆಯದು ಹತ್ತು ಡಿಗ್ರಿಗೂ ಜಾಸ್ತಿ ಇಳಿಯುವುದುಂಟು. ಕರಾವಳಿಯಲ್ಲಿ ಇಷ್ಟು ಇಳಿಯಲ್ಲ. ಅಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ.

ಪರೀಕ್ಷೆಯಲ್ಲಿ ನಾನೀಗ ಹೋಮಿಯೋಸ್ಟಾಸಿಸ್‌ನ ವ್ಯಾಖ್ಯೆ ಕೇಳುವುದಿಲ್ಲ. ಕೇಳುವುದು ಇಷ್ಟೇ: "ಜ್ವರದಲ್ಲಿ ಮೈ ಸುಡುತ್ತಿದ್ದರೂ ಚಳಿ ಯಾಕೆ?" ಹೈಪೋಥಲಾಮಸ್ ಗುರಿಯನ್ನೇ 37ರಿಂದ ಮೇಲಕ್ಕೆ ಏರಿಸಿಕೊಂಡಿರುತ್ತದೆ. ಆ ಹೊಸ ಗುರಿಗೆ ಹೋಲಿಸಿದರೆ ಮೈ ಇನ್ನೂ ತಣ್ಣಗಿದೆ, ಅದಕ್ಕೇ ನಡುಕ. ಪ್ಯಾರಾಸಿಟಮಾಲ್ ತಗೊಂಡಾಗ ಗುರಿ ಇಳಿದು ಬೆವರು ಬರುತ್ತದೆ. ಕೋಟೆಯ ಪಟ್ಟಿ ತಾವೇ ಬರೆದವರು ಇದಕ್ಕೆ ಉತ್ತರ ಬರೆಯುತ್ತಾರೆ. ಗೆಳೆಯರದ್ದನ್ನು ನೋಡಿ ಬರೆದುಕೊಂಡವರು ವ್ಯಾಖ್ಯೆ ಬರೆದಿಡುತ್ತಾರೆ.